ಮನೆಯ ವಿಡಿಯೊ ಸಂಪಾದನೆ: ಗಣಕಯಂತ್ರದ ಆಯ್ಕೆ ಮತ್ತು ಮೂಲಸಾಮಗ್ರಿಯ ಸಿದ್ಧತೆ

ಸಂಪಾದನೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಗಳಿಸುವುದು ಒಂದು, ಚದುರಿದ ಪ್ರತಿಗಳನ್ನು ಕೂಡಿಸಿ, ಪಾಠವನ್ನು ಶೋಧಿಸಿ, ಗ್ರಂಥವನ್ನು ಸಿದ್ಧಗೊಳಿಸುವುದು ಇನ್ನೊಂದು. ವಿಡಿಯೊ ಚಿತ್ರಗಳನ್ನು ಮನೆಯಲ್ಲಿಯೇ ಕತ್ತರಿಸಿ ಜೋಡಿಸುವ ಕೆಲಸಕ್ಕೂ ಇಂದು ಇದೇ ಹೆಸರು ಸಲ್ಲುತ್ತಿದೆ. ಹೆಸರಷ್ಟೇ ಅಲ್ಲ, ಅದರ ಶಿಸ್ತೂ ಗ್ರಂಥಸಂಪಾದನೆಯ ಶಿಸ್ತೇ ಆಗಿದೆ. ಮೂಲಪ್ರತಿಯನ್ನು ಮುಟ್ಟಬಾರದು, ಪ್ರತಿಯಿಂದ ಇಳಿಸಿದ ಪ್ರತಿಯನ್ನು ನಂಬಬಾರದು, ಯಾವುದು ಎಲ್ಲಿಂದ ಬಂದಿತೆಂಬುದನ್ನು ಬರೆದಿಡದೆ ಮುಂದಿನ ಹೆಜ್ಜೆ ಇಡಬಾರದು. ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳಾದ ಅಬ್ಬಣಬ್ಬೆಯ ಮಗ ಪಂಪ. ಹತ್ತನೆಯ ಶತಮಾನದ ಆ ಕವಿಯ ‘ವಿಕ್ರಮಾರ್ಜುನವಿಜಯ’ವು 1898ರಲ್ಲಿ ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಅಚ್ಚಾಗುವವರೆಗೆ ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತ ಉಳಿದುಬಂದಿತು. ಲಿಪಿಕಾರರು ಮಾಡಿದ ತಪ್ಪುಗಳ ಜೊತೆಗೇ ಉಳಿದುಬಂದಿತು ಎನ್ನಬೇಕು.

ಓಲೆಗರಿಗೆ ಶತಮಾನಗಳ ಆಯುಸ್ಸು. ವಿಡಿಯೊ ಸುರುಳಿಗೆ ಕೆಲವು ದಶಕಗಳದು ಮಾತ್ರ. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. 1982ರ ಏಷ್ಯನ್ ಕ್ರೀಡೆಗಳ ಸಮಯದಲ್ಲಿ ದೇಶಕ್ಕೆ ವರ್ಣ ಪ್ರಸಾರ ಬಂದಿತು. ಅದರ ಬೆನ್ನಿಗೇ ವಿಡಿಯೊ ಕ್ಯಾಮರಾಗಳು ಪಟ್ಟಣಗಳ ಮದುವೆ ಮಂಟಪಗಳಿಗೂ, ಅಲ್ಲಿಂದ ಹಳ್ಳಿಗಳ ಜಾತ್ರೆ, ತೇರು, ಶಾಲೆಯ ಸ್ನೇಹಸಮ್ಮೇಳನಗಳಿಗೂ ಇಳಿದವು. ಜಪಾನಿನ ಜೆ.ವಿ.ಸಿ. ಸಂಸ್ಥೆಯು 1976ರಲ್ಲಿ ಹೊರತಂದ ವಿ.ಎಚ್.ಎಸ್. ಕ್ಯಾಸೆಟ್ಟೇ ಆ ಕಾಲದ ಓಲೆಗರಿ. ನವಲಗುಂದ, ಕುಂದಗೋಳ, ಕಲಘಟಗಿಯ ಕಡೆ ಟ್ರಂಕಿನ ತಳದಲ್ಲಿಯೋ ಅಟ್ಟದ ಮೂಲೆಯಲ್ಲಿಯೋ ಅಂಥ ಒಂದೆರಡು ಕ್ಯಾಸೆಟ್ಟು ಇಂದಿಗೂ ಸಿಗುವುದುಂಟು. ಅಳಿದುಹೋದ ಹಿರಿಯರ ನಡಿಗೆ, ನಗು, ಮಾತಿನ ಧಾಟಿ ಬೇರೆಲ್ಲಿಯೂ ಇಲ್ಲ. ಆ ಕಂದು ಬಣ್ಣದ ಪಟ್ಟಿಯಲ್ಲಿ ಮಾತ್ರ ಇವೆ. ಆದರೆ ಅದನ್ನು ಓದುವ ಯಂತ್ರವೇ ಇಂದು ತಯಾರಾಗುತ್ತಿಲ್ಲ. ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯಿ ಸಂಸ್ಥೆಯು 2016ರ ಜುಲೈ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಈಗ ಊರಿನಲ್ಲಿ ನಡೆಯುವ ಸ್ಥಿತಿಯಲ್ಲಿರುವ ಒಂದು ವಿ.ಸಿ.ಆರ್. ಕೆಟ್ಟರೆ ಅದರ ಸ್ಥಾನಕ್ಕೆ ಹೊಸದು ಬರಲಾರದು. ಆದುದರಿಂದ ಗಣಕಯಂತ್ರ ಯಾವುದು ಎಂಬ ಪ್ರಶ್ನೆಗಿಂತ ಮೊದಲು ಸುರುಳಿಯ ವಿಚಾರವೇ ಬರಬೇಕು. ಗಣಕಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು.

ದೊರೆತ ಕ್ಯಾಸೆಟ್ಟನ್ನು ಒಡನೆಯೇ ಯಂತ್ರಕ್ಕೆ ತುರುಕುವ ಆತುರ ಸಲ್ಲದು. ಮೊದಲು ಅದರ ಬೆನ್ನಿನ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿಯಬೇಕು. ಆಗ ಗುಂಡಿ ತಪ್ಪಿ ಒತ್ತಿದರೂ ಹಳೆಯ ಚಿತ್ರದ ಮೇಲೆ ಹೊಸದು ಮುದ್ರಿತವಾಗುವ ಭಯವಿಲ್ಲ. ಬಳಿಕ ಕಿಟಕಿಯ ಬೆಳಕಿಗೆ ಹಿಡಿದು ಸುರುಳಿಯ ಅಂಚನ್ನು ನೋಡಬೇಕು. ಕಲಘಟಗಿಯ ಕಡೆ ಮಲೆನಾಡಿನ ಸೆರಗು. ಅಲ್ಲಿಯ ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬೂದಿ ಚೆಲ್ಲಿದಂತೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಅಂಥ ಕ್ಯಾಸೆಟ್ಟನ್ನು ಓಡಿಸಿದರೆ ಅದು ಹರಿಯುವುದಲ್ಲದೆ ಯಂತ್ರದ ತಲೆಗೂ ಬೂಷ್ಟು ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಪ್ರತ್ಯೇಕವಾಗಿಟ್ಟು ಬಲ್ಲವರಿಂದ ಶುಚಿಗೊಳಿಸಬೇಕು. ಬೂಷ್ಟಿಲ್ಲದ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಮೊದಲಿಗೆ ಸುತ್ತಿದರೆ ವರ್ಷಗಟ್ಟಲೆ ಒಂದಕ್ಕೊಂದು ಒತ್ತಿಕೊಂಡಿದ್ದ ಪದರಗಳು ಸಡಿಲುಗೊಳ್ಳುತ್ತವೆ. ಆಮೇಲೆ ಒಂದೇ ಸಲ ಓಡಿಸಬೇಕು. ಆ ಒಂದು ಸಲದಲ್ಲಿಯೇ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಮನೆಮಂದಿಯನ್ನೆಲ್ಲ ಕೂಡಿಸಿ ಮೊದಲೊಮ್ಮೆ ನೋಡಿಬಿಡೋಣ ಎಂಬ ಆಸೆ ಸಹಜವಾದುದೇ. ಆದರೆ ಜೀರ್ಣವಾದ ಸುರುಳಿಗೆ ಪ್ರತಿಯೊಂದು ಓಟವೂ ಸವೆತವೇ.

ವಿ.ಸಿ.ಆರ್. ಹಾಗೂ ಗಣಕಯಂತ್ರಗಳ ನಡುವೆ ಸಂಕೇತವನ್ನು ಅಂಕಿಗಳಿಗೆ ತಿರುಗಿಸುವ ಒಂದು ಉಪಕರಣ ಬೇಕು. ಅತ್ಯಂತ ಅಗ್ಗದ ಉಪಕರಣಗಳು ಚಿತ್ರವನ್ನು ಬಂದ ಕೂಡಲೇ ಹಿಂಡಿ ಕುಗ್ಗಿಸುತ್ತವೆ. ಅದು ಲಿಪಿಕಾರನೊಬ್ಬನು ತನಗೆ ಬೇಡವೆನಿಸಿದ ಅಕ್ಷರಗಳನ್ನು ಬಿಟ್ಟು ಬರೆದಂತೆ. ಬಿಟ್ಟುಹೋದುದು ಮತ್ತೆ ಬಾರದು. ನಮ್ಮ ದೇಶದ ಹಳೆಯ ಪಾಲ್ ಪದ್ಧತಿಯ ಚಿತ್ರಕ್ಕೆ 720ಕ್ಕೆ 576 ಬಿಂದುಗಳ ಚೌಕಟ್ಟು ಸಾಕು. ಡಿ.ವಿ. ಎಂಬ ರೂಪದಲ್ಲಿ ಇಳಿಸಿಕೊಂಡರೆ ಗಂಟೆಗೆ ಸುಮಾರು 13 ಗಿಗಾಬೈಟ್ ಸ್ಥಳ ಹಿಡಿಯುತ್ತದೆ. ಇಂದಿನ ಒಂದು ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಇಂಥ ನೂರಾರು ಗಂಟೆಗಳು ಹಿಡಿಸುವುದರಿಂದ ಇಲ್ಲಿ ಜಿಪುಣತನಕ್ಕೆ ಅರ್ಥವಿಲ್ಲ. 1995ರಿಂದ ಬಂದ ಮಿನಿ ಡಿ.ವಿ. ಕ್ಯಾಸೆಟ್ಟುಗಳ ವಿಷಯ ಬೇರೆ. ಅವುಗಳಲ್ಲಿ ಚಿತ್ರವು ಆಗಲೇ ಅಂಕಿಗಳ ರೂಪದಲ್ಲಿದೆ. ಫೈರ್‌ವೈರ್ ಎಂಬ ತಂತಿಯ ಮೂಲಕ ಅದನ್ನು ಒಂದಕ್ಷರವೂ ಲೋಪವಾಗದಂತೆ ನಕಲಿಸಬಹುದು. ಈಗಿನ ಗಣಕಯಂತ್ರಗಳಲ್ಲಿ ಆ ತಂತಿಗೆ ದ್ವಾರವೇ ಇರುವುದಿಲ್ಲ. ದಾನಿಗಳ ಮನೆಯಲ್ಲಿ ಮೂಲೆ ಸೇರಿದ ಹಳೆಯ ಯಂತ್ರವೊಂದರಲ್ಲಿ ಆ ದ್ವಾರವಿದ್ದರೆ ಅದು ಹೊಸ ಯಂತ್ರಕ್ಕಿಂತಲೂ ಬೆಲೆಯುಳ್ಳದ್ದು.

ಹಳೆಯ ಸುರುಳಿಯ ಚಿತ್ರವನ್ನು ಗಣಕಯಂತ್ರದ ಪರದೆಯ ಮೇಲೆ ಮೊದಲ ಬಾರಿಗೆ ಕಂಡವರು, ಓಡುವ ಮಗುವಿನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದೇಕೆಂದು ಬೆರಗಾಗುತ್ತಾರೆ. ಸುರುಳಿ ಕೆಟ್ಟಿತೆಂದೂ ಭ್ರಮಿಸುತ್ತಾರೆ. ಕಾರಣ ಬೇರೆ. ಪಾಲ್ ಪದ್ಧತಿಯಲ್ಲಿ ಕ್ಷಣಕ್ಕೆ 25 ಚಿತ್ರಗಳು. ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ, ಬೆಸ ಸಾಲುಗಳದ್ದು ಮೊದಲು, ಸಮ ಸಾಲುಗಳದ್ದು ಆಮೇಲೆ ಎಂಬಂತೆ, ಬೇರೆ ಬೇರೆ ಗಳಿಗೆಯಲ್ಲಿ ತೆಗೆಯಲ್ಪಟ್ಟಿರುತ್ತದೆ. ನವಲಗುಂದದ ಜಮಖಾನೆಯಲ್ಲಿ ಪಗಡೆಯ ಹಾಸನ್ನು ನೇಯುವಾಗ ಬೆಸ ಸಾಲುಗಳನ್ನೆಲ್ಲ ಒಬ್ಬಾಕೆ, ಸಮ ಸಾಲುಗಳನ್ನೆಲ್ಲ ಇನ್ನೊಬ್ಬಾಕೆ ಹಾಕುತ್ತಾಳೆ, ನಡುವೆ ಮಗ್ಗ ಕೊಂಚ ಸರಿಯಿತು ಎಂದು ಊಹಿಸಿಕೊಳ್ಳಬಹುದು. ಆಗ ನೇರವಾಗಿರಬೇಕಾದ ಮನೆಯ ಗೆರೆ ಗರಗಸದಂತಾಗುತ್ತದೆ. ಹಳೆಯ ದೂರದರ್ಶನದ ಪೆಟ್ಟಿಗೆಯು ಎರಡು ಅರ್ಧಗಳನ್ನು ಒಂದರ ಹಿಂದೊಂದು ತೋರಿಸುತ್ತಿದ್ದುದರಿಂದ ಅಲ್ಲಿ ದೋಷ ಕಾಣುತ್ತಿರಲಿಲ್ಲ. ಇಂದಿನ ಪರದೆ ಎರಡನ್ನೂ ಒಮ್ಮೆಗೇ ತೋರಿಸುತ್ತದೆ. ಇದನ್ನು ಬಿಡಿಸಿ ಸರಿಪಡಿಸುವ ತಂತ್ರಾಂಶಗಳುಂಟು. ಆದರೆ ಆ ತಿದ್ದುಪಡಿಯನ್ನು ಸಂಗ್ರಹದ ಪ್ರತಿಗೆ ಮಾಡದೆ, ಹೊರಗೆ ಹಂಚುವ ಪ್ರತಿಗೆ ಮಾತ್ರ ಮಾಡಬೇಕು. ಇಂದಿನ ವಿಧಾನಕ್ಕಿಂತ ಹತ್ತು ವರ್ಷಗಳ ಅನಂತರದ ವಿಧಾನ ಉತ್ತಮವಾಗಿರಬಹುದು. ಆಗ ಮೂಲ ಅಲ್ಲಿರಬೇಕು.

ಇನ್ನು ಹೊಸದಾಗಿ ಚಿತ್ರಿಸುವ ಸಾಮಗ್ರಿ. ಇಂದು ಕ್ಯಾಮರಾ ಎಂದರೆ ಬಹುಮಟ್ಟಿಗೆ ಕಿಸೆಯ ಮೊಬೈಲೇ. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಮಾಡುವ ಕೈಗಳನ್ನಾಗಲಿ, ನವಲಗುಂದದಲ್ಲಿ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುವ ಹೆಣ್ಣುಮಕ್ಕಳನ್ನಾಗಲಿ ಶಾಲೆಯ ಮಕ್ಕಳು ಅದರಿಂದಲೇ ಚಿತ್ರಿಸಬಹುದು, ಚಿತ್ರಿಸಲೂ ಬೇಕು. ಭೌಗೋಳಿಕ ಸೂಚಕದ ಮನ್ನಣೆ ದೊರೆತ ಮೇಲೂ ಜಮಖಾನೆಯ ನೇಕಾರ್ತಿಯರ ಸಂಖ್ಯೆ ಕಿರಿದಾಗಿಯೇ ಇದೆ. ಆ ಕೈಗಳ ಚಲನೆಯನ್ನು ಪುಸ್ತಕದಲ್ಲಿ ಎಷ್ಟು ಬರೆದರೂ ಕಲಿಸಲಾಗದು. ಆದರೆ ಇಲ್ಲಿ ನಾಲ್ಕು ತೊಡಕುಗಳಿವೆ, ಅವು ಗಣಕಯಂತ್ರದ ಮುಂದೆ ಕುಳಿತ ಮೇಲೆ ಮಾತ್ರ ತಿಳಿಯುವಂಥವು.

ದೊಡ್ಡ ತೊಡಕು ವಾಟ್ಸ್ಆಪ್. ಒಬ್ಬರ ಮೊಬೈಲಿನ ಚಿತ್ರವನ್ನು ಇನ್ನೊಬ್ಬರಿಗೆ ಅದರ ಮೂಲಕ ವಿಡಿಯೊ ಎಂದು ಕಳುಹಿಸಿದರೆ ಅದು ದಾರಿಯಲ್ಲಿಯೇ ಬಹುಪಾಲು ವಿವರವನ್ನು ಕಳೆದುಕೊಳ್ಳುತ್ತದೆ. ತಂತಿಯ ಮೂಲಕ ನೇರವಾಗಿ ನಕಲಿಸಬೇಕು. ಅನಿವಾರ್ಯವಾದರೆ ‘ಡಾಕ್ಯುಮೆಂಟ್’ ಎಂಬ ರೂಪದಲ್ಲಿ ಕಳುಹಿಸಬೇಕು. ಎರಡನೆಯದು ದೀಪದ ಮಿನುಗು. ನಮ್ಮ ವಿದ್ಯುತ್ತು ಕ್ಷಣಕ್ಕೆ 50 ಆವರ್ತಗಳದ್ದು. ಟ್ಯೂಬ್ ದೀಪಗಳೂ ಅಗ್ಗದ ಎಲ್.ಇ.ಡಿ. ದೀಪಗಳೂ ಕ್ಷಣಕ್ಕೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು, ಕ್ಷಣಕ್ಕೆ 30 ಚಿತ್ರಗಳ ಕ್ರಮದಲ್ಲಿ ತೆಗೆದಾಗ ಅಲೆಯುವ ಕರಿಯ ಪಟ್ಟಿಗಳಾಗಿ ಕಾಣಿಸಿಕೊಳ್ಳಬಹುದು. ಕೆಲವು ಮೊಬೈಲುಗಳಲ್ಲಿ ಪಾಲ್ ಆಯ್ಕೆಯನ್ನು ತೆರೆದು 25ರ ಕ್ರಮವನ್ನು ಇಟ್ಟುಕೊಳ್ಳಬಹುದು. ಕವಾಟದ ವೇಗವನ್ನು ಕ್ಷಣದ ಐವತ್ತರಲ್ಲೊಂದು ಅಥವಾ ನೂರರಲ್ಲೊಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟಿಗಳು ಹೋಗುತ್ತವೆ. ಮೂರನೆಯದು ಬಣ್ಣ. ತೊಟ್ಟಿಲಿನ ಅರಗಿನ ಕೆಂಪು ಚೌಕಟ್ಟನ್ನೆಲ್ಲ ತುಂಬಿದಾಗ ಮೊಬೈಲು ತನ್ನಷ್ಟಕ್ಕೆ ಬಿಳಿಯ ಸಮತೋಲವನ್ನು ಬದಲಿಸಿ ಆ ಕೆಂಪನ್ನು ಮಂಕಾಗಿಸುತ್ತದೆ. ಮುಂದಿನ ನೋಟದಲ್ಲಿ ಮತ್ತೆ ಕೆಂಪಾಗಿಸುತ್ತದೆ. ಮೊದಲು ಬಿಳಿಯ ಕಾಗದವೊಂದನ್ನು ತೋರಿಸಿ ಆ ಸಮತೋಲವನ್ನು ಬಿಗಿದಿಟ್ಟರೆ ಒಂದೇ ತೊಟ್ಟಿಲು ಹತ್ತು ತೊಟ್ಟಿಲುಗಳಂತೆ ಕಾಣುವುದು ತಪ್ಪುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಗುಪ್ತವಾದುದು. ಮೊಬೈಲು ಕ್ಷಣಕ್ಕೆ ಇಷ್ಟೇ ಚಿತ್ರ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಬೆಳಕು ಕಡಿಮೆಯಾದಾಗ, ಯಂತ್ರ ಕಾದಾಗ ಲಯ ತಪ್ಪುತ್ತದೆ. ಅಂಥ ಕಡತವನ್ನು ಸಂಪಾದನೆಗೆ ಹಾಕಿದಾಗ ಮೊದಲ ನಿಮಿಷದಲ್ಲಿ ಸರಿಯಿದ್ದ ತುಟಿಯೂ ಮಾತೂ ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಬೇರೆ ಬೇರೆ ದಾರಿ ಹಿಡಿದಿರಬಹುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರವಾದ ಗತಿಯನ್ನು ಆಯ್ದು ಒಂದು ಪ್ರತಿ ಮಾಡಿಕೊಂಡು, ಅದರ ಮೇಲೆ ಕೆಲಸ ಮಾಡುವುದೇ ಇದಕ್ಕೆ ಮದ್ದು. ಮೂಲವನ್ನು ಅಳಿಸಬಾರದೆಂದು ಮತ್ತೆ ಹೇಳಬೇಕಾಗಿಲ್ಲ.

ಈಗ ಗಣಕಯಂತ್ರದ ಮಾತು. ಯಂತ್ರಕ್ಕೆ ಶ್ರಮವೆಲ್ಲಿ ಎಂಬುದನ್ನು ತಿಳಿಯದೆ ಕೊಂಡವರು ಬೇಡದ ಕಡೆ ಹಣ ಸುರಿದು ಬೇಕಾದ ಕಡೆ ಕೈ ಹಿಡಿಯುತ್ತಾರೆ. ಮೊಬೈಲುಗಳು ಚಿತ್ರವನ್ನು ಎಚ್.264 ಅಥವಾ ಎಚ್.265 ಎಂಬ ಸಂಕ್ಷೇಪ ವಿಧಾನಗಳಲ್ಲಿ ಬರೆಯುತ್ತವೆ. ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ಮುಂದಿನ ಹಲವಾರು ಚಿತ್ರಗಳಲ್ಲಿ ಹಿಂದಿನದಕ್ಕಿಂತ ಎಷ್ಟು ಬದಲಾಯಿತೆಂಬುದನ್ನು ಮಾತ್ರ ಬರೆಯುವ ಕ್ರಮವದು. ಹಳೆಯ ಟೀಕಾಕಾರರು ಒಂದು ಪದ್ಯಕ್ಕೆ ಪೂರ್ಣ ಟೀಕೆ ಬರೆದು ಮುಂದಿನವಕ್ಕೆ ‘ಹಿಂದಿನಂತೆಯೇ, ಆದರೆ’ ಎಂದು ಸೂಚಿಸಿ ಸಾಗುವಂತೆ. ಸ್ಥಳವೇನೋ ಉಳಿಯುತ್ತದೆ, ಆದರೆ ನಡುವಿನ ಒಂದು ಪದ್ಯವನ್ನು ಅರಿಯಬೇಕಾದರೆ ಹಿಂದೆ ಹಿಂದೆ ಹೋಗಬೇಕು. ಸಂಪಾದನೆಯಲ್ಲಿ ಎಲ್ಲೆಂದರಲ್ಲಿ ಕತ್ತರಿಸುವಾಗ ಯಂತ್ರವು ಪ್ರತಿಬಾರಿಯೂ ಹೀಗೆ ಹಿಂದಕ್ಕೆ ಓಡಿ ಬರುತ್ತದೆ, ಏದುಸಿರು ಬಿಡುತ್ತದೆ.

ಇದಕ್ಕೆ ಎರಡು ಪರಿಹಾರಗಳು. ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಬರೆದಿಡುವ ಪ್ರೋರೆಸ್, ಡಿ.ಎನ್.ಎಕ್ಸ್.ಎಚ್.ಆರ್. ಮುಂತಾದ ರೂಪಗಳಿಗೆ ಸಾಮಗ್ರಿಯನ್ನು ಮೊದಲೇ ಪರಿವರ್ತಿಸುವುದು ಒಂದು. 1920ಕ್ಕೆ 1080 ಬಿಂದುಗಳ, 25 ಚಿತ್ರಗತಿಯ ಪ್ರೋರೆಸ್ 422 ಗಂಟೆಗೆ ಸುಮಾರು 55 ಗಿಗಾಬೈಟ್ ಹಿಡಿಯುತ್ತದೆ. ಇನ್ನೊಂದು, ಚಿಕ್ಕ ಕಾರ್ಯಪ್ರತಿಗಳನ್ನು ತಯಾರಿಸಿ ಅವುಗಳ ಮೇಲೆ ಕತ್ತರಿ ಆಡಿಸಿ, ಕೊನೆಯಲ್ಲಿ ತಂತ್ರಾಂಶವೇ ಮೂಲದೊಡನೆ ತಾಳೆ ನೋಡಿ ಪೂರ್ಣ ಗುಣದ ಚಿತ್ರವನ್ನು ಹೊರತರುವಂತೆ ಮಾಡುವುದು. ಇದಕ್ಕೆ ಪ್ರಾಕ್ಸಿ ಎಂದು ಹೆಸರು. ಪ್ರಾಕ್ಸಿಯ ಕ್ರಮ ತಿಳಿದವರಿಗೆ ಸಾಧಾರಣ ಯಂತ್ರವೂ ಸಾಕಾಗುತ್ತದೆ. ಇದನ್ನು ಕಲಿಸುವ ಬದಲು ದುಬಾರಿ ಯಂತ್ರವನ್ನು ಕೊಡಿಸುವುದು ಈಜು ಕಲಿಸದೆ ದೊಡ್ಡ ಬಾವಿ ತೋಡಿಸಿದಂತೆ.

ಸಂಸ್ಕಾರಕದಲ್ಲಿ ಆರರಿಂದ ಎಂಟು ತಿರುಳುಗಳಿದ್ದರೆ ಶಾಲೆಯ ಹಾಗೂ ಮನೆಯ ಕೆಲಸಕ್ಕೆ ಧಾರಾಳ. ಇಂಟೆಲ್ ಸಂಸ್ಕಾರಕಗಳಲ್ಲಿ ಕ್ವಿಕ್ ಸಿಂಕ್ ಎಂಬ ಅಂಗವು ಮೇಲೆ ಹೇಳಿದ ಸಂಕ್ಷೇಪಗಳನ್ನು ಬಿಡಿಸಲೆಂದೇ ಇದೆ. ಹೆಸರಿನ ತುದಿಯಲ್ಲಿ ‘ಎಫ್’ ಅಕ್ಷರವುಳ್ಳ ಮಾದರಿಗಳಲ್ಲಿ ಆ ಅಂಗ ಇರುವುದಿಲ್ಲ. ಕೊಂಚ ಅಗ್ಗವೆಂದು ಅವನ್ನೇ ಮಾರುವವರುಂಟು. ಒಂದು ಅಕ್ಷರದಿಂದ ಅರ್ಥ ಕೆಡುವುದು ವ್ಯಾಕರಣದಲ್ಲಿ ಮಾತ್ರವಲ್ಲ. ಸ್ಮೃತಿ 16 ಗಿಗಾಬೈಟ್ ಕನಿಷ್ಠ, 4ಕೆ ಚಿತ್ರಗಳಿಗೆ 32 ಲೇಸು. ತಂತ್ರಾಂಶ ಯಾವುದೆಂಬುದರ ಮೇಲೆ ಗ್ರಾಫಿಕ್ಸ್ ಕಾರ್ಡಿನ ಅಗತ್ಯ ನಿಂತಿದೆ. ಡಾವಿಂಚಿ ರಿಸಾಲ್ವ್ ಉಚಿತವಾಗಿ ದೊರೆತರೂ ಆ ಕಾರ್ಡಿನ ಮೇಲೆಯೇ ಬಹುಭಾರ ಹಾಕುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್‌ಗಳು ಅಷ್ಟು ಬೇಡುವುದಿಲ್ಲ. ಅವು ಸಂಪೂರ್ಣ ಮುಕ್ತವೂ ಹೌದು. ಸಂಗ್ರಹದ ಮಟ್ಟಿಗೆ, ಯಂತ್ರದ ಆಡಳಿತ ತಂತ್ರಾಂಶಕ್ಕೂ ನಡೆಯುತ್ತಿರುವ ಕೆಲಸಕ್ಕೂ ಒಂದು ಎಸ್.ಎಸ್.ಡಿ., ಮುಗಿದುದಕ್ಕೆ ತಿರುಗುವ ಹಾರ್ಡ್ ಡಿಸ್ಕು ಎಂಬ ವಿಭಾಗವೇ ಸರಿಯಾದುದು. ಗಂಟೆಗೆ 55 ಗಿಗಾಬೈಟ್ ಎಂದರೆ ಕ್ಷಣಕ್ಕೆ ಸುಮಾರು 15 ಮೆಗಾಬೈಟ್ ಮಾತ್ರ. ತಿರುಗುವ ಡಿಸ್ಕು ಅದರ ಎಷ್ಟೋ ಪಟ್ಟು ವೇಗದಲ್ಲಿ ಓದುತ್ತದೆ. ಹೀಗಿರುವಾಗ ಎಲ್ಲವೂ ಅತಿವೇಗದ ಎಸ್.ಎಸ್.ಡಿ.ಯೇ ಆಗಬೇಕೆಂಬ ಹಟ ನಿಷ್ಕಾರಣವಾದುದು. ಪೆನ್‌ಡ್ರೈವ್ ಸಾಗಿಸುವುದಕ್ಕೆ ಇದೆ, ಕಾಪಾಡುವುದಕ್ಕಲ್ಲ.

ಮೇಜಿನ ಯಂತ್ರವೋ ಮಡಿಲ ಯಂತ್ರವೋ ಎಂಬ ಚರ್ಚೆಯಲ್ಲಿ ಪಟ್ಟಣದವರ ಉತ್ತರ ಮೇಜಿನದೆಂದೇ ಇರುತ್ತದೆ. ಅದೇ ಹಣಕ್ಕೆ ಹೆಚ್ಚು ಶಕ್ತಿ, ಬಿಡಿಭಾಗ ಬದಲಿಸುವ ಅನುಕೂಲ, ಕಾಯ್ದರೂ ತಡೆಯುವ ಗುಣ ಅದಕ್ಕೇ ಇದೆ. ಆದರೆ ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಮಡಿಲ ಯಂತ್ರದ ಬ್ಯಾಟರಿಯೂ ಒಂದು ಗುಣವೇ. ಮೇಜಿನದನ್ನು ಕೊಳ್ಳುವುದಾದರೆ ಯು.ಪಿ.ಎಸ್. ಮತ್ತು ಸರಿಯಾದ ಭೂಸಂಪರ್ಕಗಳ ವೆಚ್ಚವನ್ನು ಯಂತ್ರದ ಬೆಲೆಯೊಳಗೇ ಎಣಿಸಬೇಕು. ನವಲಗುಂದದ ಎರೆಮಣ್ಣಿನ ಧೂಳು ಬೇಸಿಗೆಯಲ್ಲಿ ಯಾವ ಕೋಣೆಯನ್ನೂ ಬಿಡುವುದಿಲ್ಲ. ಪಂಖಗಳ ಮುಂದೆ ಜಾಲರಿಯಿರುವ ಪೆಟ್ಟಿಗೆಯನ್ನೇ ಆರಿಸಿ, ತಿಂಗಳಿಗೊಮ್ಮೆ ಆ ಜಾಲರಿಯನ್ನು ಝಾಡಿಸಬೇಕು.

ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಮ್ಮ ಕಚೇರಿಗಳಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ಶಾಲೆಗಳಿಗೆ ಕಳುಹಿಸುವುದು ವಾಡಿಕೆ. ಆ ಪ್ರೀತಿ ದೊಡ್ಡದು. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ, ಎಂದರೆ 2017ಕ್ಕಿಂತ, ಹಿಂದಿನ ಸಂಸ್ಕಾರಕಗಳನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ. ಅಂಥ ಯಂತ್ರ ಬಂದರೆ ಲಿನಕ್ಸ್ ಹಾಕಿ ಪಾಠಕ್ಕೆ ಬಳಸಬಹುದು, ಸುರುಳಿ ಇಳಿಸಲು ಬಳಸಬಹುದು. ಸಂಪಾದನೆಯ ಯಂತ್ರವೆಂದು ಅದನ್ನು ತೋರಿಸಿ ಮಕ್ಕಳನ್ನು ಅದರ ಮುಂದೆ ಕೂಡಿಸಿದರೆ ಅವರು ಸಂಪಾದನೆಯನ್ನೇ ದ್ವೇಷಿಸುವರು. ಇಪ್ಪತ್ತು ಹಳೆಯ ಯಂತ್ರಗಳಿಗಿಂತ ಒಂದು ತಕ್ಕ ಯಂತ್ರ, ಎರಡು ದೊಡ್ಡ ಹಾರ್ಡ್ ಡಿಸ್ಕು, ದುರಸ್ತಿಯಾದ ಒಂದು ವಿ.ಸಿ.ಆರ್. ಇಷ್ಟನ್ನು ಕೂಡಿ ಕೊಡಿಸುವುದು ಹೆಚ್ಚು ಫಲಕಾರಿ.

ಧ್ವನಿಯ ವಿಷಯದಲ್ಲಿ ಈ ಸೀಮೆಗೆ ವಿಶೇಷ ಹೊಣೆಯುಂಟು. ಕುಂದಗೋಳವು ಸವಾಯಿ ಗಂಧರ್ವರ (1886–1952) ಊರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಲ್ಲಿ ಕಲಿತು ಬೆಳೆದವರು. ಗುರುವಿನ ಸ್ಮರಣೆಯ ಸಂಗೀತೋತ್ಸವ ಆ ಊರಿನಲ್ಲಿ ನಡೆದು ಬಂದಿದೆ. ಇಂಥ ಕಛೇರಿಗಳ ಮುದ್ರಣವೇನಾದರೂ ಮನೆಯೊಂದರಲ್ಲಿ ದೊರೆತರೆ ಸಂಪಾದಕನ ಕೈ ನಡುಗಬೇಕು. ಸದ್ದನ್ನು ಅಳಿಸುವ ತಂತ್ರಾಂಶಗಳು ಬದಲಾಗದೆ ಒಂದೇ ಸಮನೆ ಕೇಳಿಬರುವ ನಾದವನ್ನು ಗದ್ದಲವೆಂದು ಗ್ರಹಿಸಿ ತೆಗೆಯುತ್ತವೆ. ತಂಬೂರಿಯ ನಾದವೂ ಒಂದೇ ಸಮನೆ ಕೇಳಿಬರುವಂಥದೇ! ಸುರುಳಿಯ ಸರಬರ ಸದ್ದನ್ನು ಕಳೆಯಲು ಹೋಗಿ ಶ್ರುತಿಯನ್ನೇ ಕಳೆದುಕೊಂಡು, ಗಾಯಕ ನಿರಾಧಾರನಾಗಿ ಹಾಡುವಂತೆ ಮಾಡಿದ ಉದಾಹರಣೆಗಳು ಸಾಕಷ್ಟಿವೆ. ಹೊಸದಾಗಿ ಮುದ್ರಿಸುವಾಗ ಧ್ವನಿಮಟ್ಟವನ್ನು ತಾನಾಗಿ ಏರಿಳಿಸುವ ಅನುಕೂಲವನ್ನು ನಿಲ್ಲಿಸಬೇಕು. ಇಲ್ಲವಾದರೆ ವಿಲಂಬಿತದಲ್ಲಿ ಗಾಯಕ ಉಸಿರೆಳೆದ ಕೂಡಲೇ ಸಭೆಯ ಕೆಮ್ಮು ಗರ್ಜಿಸುತ್ತದೆ. ಇನ್ನೊಂದು ಸೂಕ್ಷ್ಮ. 25ರ ಗತಿಯ ಚಿತ್ರವನ್ನು 24ರದೆಂದು ತಂತ್ರಾಂಶಕ್ಕೆ ಹೇಳಿ ನಿಧಾನಗೊಳಿಸಿದರೆ ಧ್ವನಿ ನೂರಕ್ಕೆ ನಾಲ್ಕರಷ್ಟು ಇಳಿಯುತ್ತದೆ, ಎಂದರೆ ಅರ್ಧಸ್ವರದ ಮುಕ್ಕಾಲು ಪಾಲಿಗೆ ಹತ್ತಿರ. ಸಾಮಾನ್ಯರಿಗೆ ತಿಳಿಯದು, ಆ ಊರಿನ ಕಿವಿಗೆ ತಿಳಿಯುತ್ತದೆ.

ಕಡತಗಳಿಗೆ ಹೆಸರಿಡುವ ಕೆಲಸ ಬೇಸರದ್ದಾದರೂ ಬಿಡುವಂತಿಲ್ಲ. ಯಂತ್ರ ತಾನೇ ಇಟ್ಟ ಅಂಕಿಗಳ ಹೆಸರು ಆರು ತಿಂಗಳಲ್ಲಿ ಯಾರಿಗೂ ಅರ್ಥವಾಗದು. ವರ್ಷ, ತಿಂಗಳು, ದಿನ, ಊರು, ಸಂದರ್ಭ ಈ ಕ್ರಮದಲ್ಲಿ ಬರೆದರೆ ಕಡತಗಳು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಅಂದು ಯಾರೋ ಬರೆದ ಒಕ್ಕಣೆಯನ್ನು, ತಪ್ಪಿದ್ದರೂ ತಿದ್ದದೆ, ಛಾಯಾಚಿತ್ರ ತೆಗೆದು ಜೊತೆಗಿಡಬೇಕು. ಪ್ರತಿಗಳು ಮೂರಾದರೂ ಇರಬೇಕು, ಅವುಗಳಲ್ಲೊಂದು ಬೇರೆ ಊರಿನಲ್ಲಿರಬೇಕು. ಚಿತ್ರದಲ್ಲಿರುವವರು ಯಾರೆಂಬುದನ್ನು ಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಅವರು ಹೇಳುವ ಹೆಸರುಗಳನ್ನು ನಿಮಿಷ ಸಹಿತ ಬರೆದುಕೊಳ್ಳಬೇಕು. ಈ ಕೆಲಸವನ್ನು ಮಾತ್ರ ಮುಂದಿನ ವರ್ಷಕ್ಕೆ ಹಾಕಲಾಗದು.

ಕೊನೆಯಲ್ಲಿ ಉಳಿಯುವುದು ತೆರೆಯ ಮೇಲಿನ ಬರಹ. ಹಳೆಯ ನುಡಿ, ಬರಹ ತಂತ್ರಾಂಶಗಳ ಯುನಿಕೋಡಲ್ಲದ ಅಕ್ಷರಗಳಲ್ಲಿ ಬರೆದುದನ್ನು ಸಂಪಾದನೆಯ ತಂತ್ರಾಂಶಕ್ಕೆ ತಂದಾಗ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಆದುದರಿಂದ ಮೊದಲಿನಿಂದಲೂ ಯುನಿಕೋಡ್ ಅಕ್ಷರವನ್ನೇ ಬಳಸಬೇಕು. ಆಗಲೂ ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಬಿಡಿಸಿ, ಅರ್ಕಾವೊತ್ತನ್ನು ತಪ್ಪಿದ ಜಾಗದಲ್ಲಿಟ್ಟು ತೋರಿಸುತ್ತವೆ. ಹಿರಿಯರೊಬ್ಬರ ಹೆಸರು ಮುರಿದ ಅಕ್ಷರಗಳಲ್ಲಿ ತೆರೆಯ ಮೇಲೆ ಬರುವುದು ಕನ್ನಡ ಶಾಲೆಗೆ ಶೋಭಿಸದು. ತಂತ್ರಾಂಶವನ್ನು ಒಪ್ಪುವ ಮೊದಲು ‘ಧರ್ಮ’, ‘ಲಕ್ಷ್ಮಿ’, ‘ಸ್ವಾತಂತ್ರ್ಯ’, ‘ಕರ್ನಾಟಕ’ ಎಂಬ ನಾಲ್ಕು ಶಬ್ದಗಳನ್ನು ಅದರಲ್ಲಿ ಬರೆದು, ಸಿದ್ಧಚಿತ್ರವಾಗಿ ಹೊರತಂದು, ದೊಡ್ಡ ಪರದೆಯ ಮೇಲೆ ನೋಡಬೇಕು. ಸಂಪಾದನೆಯ ಕಿಟಕಿಯಲ್ಲಿ ಸರಿಯಾಗಿ ಕಂಡುದು ಹೊರಬಂದ ಚಿತ್ರದಲ್ಲಿ ಮುರಿದಿರುವುದೂ ಉಂಟು. ಹಾಗಾದರೆ ಆ ಬರಹವನ್ನು ಬೇರೆ ಚಿತ್ರತಂತ್ರಾಂಶದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿ.ಎನ್.ಜಿ. ಚಿತ್ರವಾಗಿ ಉಳಿಸಿ, ದೃಶ್ಯದ ಮೇಲೆ ಹಾಸಿದರೆ ಅಕ್ಷರಗಳು ಇದ್ದಂತೆಯೇ ಉಳಿಯುತ್ತವೆ.